ವಿಮ್‌ನಲ್ಲಿ ಟೈಪ್ ಮಾಡೋದು: ಐ ಒಂದೇ ಕಲಿತರೆ ಸಾಲದು

ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡೋ ಕಿಟಕಿಯಲ್ಲಿ, ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್ ತೆರೆದು, ಬೇರೇನೂ ಒತ್ತದೆ, ಇಂಗ್ಲಿಷ್ ಅಕ್ಷರದಲ್ಲಿ ‘ನಮಸ್ಕಾರ’ ಅಂತ ಟೈಪ್ ಮಾಡಿ ನೋಡಿ. ಪರದೆ ಮೇಲೆ ಬರೋದು ‘ಮಸ್ಕಾರ’. ಮೊದಲು ಒತ್ತಿದ ಎನ್ ಅನ್ನು ವಿಮ್ ‘ಹಿಂದೆ ಹುಡುಕಿದ್ದನ್ನೇ ಮತ್ತೆ ಹುಡುಕು’ ಅಂತ ಅರ್ಥ ಮಾಡಿಕೊಂಡಿತು. ಹಿಂದೆ ಏನೂ ಹುಡುಕಿರಲಿಲ್ಲವಲ್ಲ, ಕೆಳಗಿನ ಸಾಲಿನಲ್ಲಿ ಒಂದು ಎರರ್ ತೋರಿಸಿ ಸುಮ್ಮನಾಯಿತು. ಆಮೇಲೆ ಬಂದ ಎ ಅನ್ನು ‘ಇಲ್ಲಿಂದ ಬರೆಯೋಕೆ ಶುರು’ ಅಂತ ತಗೊಂಡಿತು. ಅಲ್ಲಿಂದ ಮುಂದೆ ಒತ್ತಿದ್ದೆಲ್ಲ ಅಕ್ಷರವಾಗಿ ಬಿತ್ತು. ಇಷ್ಟು ಅರ್ಥವಾದರೆ ವಿಮ್‌ನ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ತೆರೆದಾಗ ವಿಮ್ ಇರೋದು ನಾರ್ಮಲ್ ಮೋಡ್‌ನಲ್ಲಿ. ಅಲ್ಲಿ ಪ್ರತಿ ಕೀಯೂ ಒಂದು ಕಮಾಂಡ್. ಅಕ್ಷರ ಬರೆಯೋಕೆ ಇನ್ಸರ್ಟ್ ಮೋಡ್‌ಗೆ ಹೋಗಬೇಕು, ಬರೆದಾದ ಮೇಲೆ ಎಸ್ಕೇಪ್ ಒತ್ತಿ ವಾಪಸ್ ಬರಬೇಕು. ಹೆಚ್ಚಿನವರು ಇದಕ್ಕೆ ಐ ಅನ್ನೋ ಒಂದು ಕೀ ಕಲಿತು, ಉಳಿದದ್ದೆಲ್ಲ ಬಾಣದ ಕೀಗಳಿಂದ ತಳ್ಳಿಕೊಂಡು ಹೋಗುತ್ತಾರೆ. ಕೆಲಸ ಆಗುತ್ತದೆ, ಆಗಲ್ಲ ಅಂತಲ್ಲ. ಆದರೆ ವಿಮ್ ಯಾಕೆ ಇಷ್ಟು ಕಷ್ಟ ಕೊಡುತ್ತದೆ ಅಂತ ಬೈಯೋದು ಮಾತ್ರ ನಿಲ್ಲಲ್ಲ. ಈ ಲೇಖನದಲ್ಲಿ ನಾನು ಹೇಳೋದು ಮುಖ್ಯವಾಗಿ ಒಂದೇ: ಇನ್ಸರ್ಟ್ ಮೋಡ್‌ಗೆ ಹೋದ ಕೀಯಿಂದ ಹಿಡಿದು ಎಸ್ಕೇಪ್‌ವರೆಗೆ ನೀವು ಮಾಡಿದ್ದೆಲ್ಲ ವಿಮ್ ಲೆಕ್ಕದಲ್ಲಿ ಒಂದೇ ಕೆಲಸ. ಆ ಒಂದು ಕೆಲಸವನ್ನು ಒಂದೇ ಕೀಯಿಂದ ರದ್ದು ಮಾಡಬಹುದು, ಒಂದೇ ಕೀಯಿಂದ ಮತ್ತೆ ಮಾಡಿಸಬಹುದು. ಎಲ್ಲಿಂದ ಒಳಗೆ ಹೋಗಬೇಕು ಅನ್ನೋದಕ್ಕೆ ಐದಾರು ಕೀ ಇರೋದು ಇದಕ್ಕೇ.

ಮೊದಲೇ ಒಂದು ಮಾತು. ಕೀಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ‘ಐ’ ಅಂದರೆ ಕೀಬೋರ್ಡಿನಲ್ಲಿ ಯು ಮತ್ತು ಓ ನಡುವೆ ಇರುವ ಕೀ, ‘ಎ’ ಅಂದರೆ ಕ್ಯಾಪ್ಸ್ ಲಾಕ್ ಪಕ್ಕದ್ದು. ‘ದೊಡ್ಡ ಎ’ ಅಂದರೆ ಶಿಫ್ಟ್ ಹಿಡಿದು ಎ ಒತ್ತೋದು. ವಿಮ್‌ಗೆ ಸಣ್ಣದು ಬೇರೆ, ದೊಡ್ಡದು ಬೇರೆ. ಕ್ಯಾಪ್ಸ್ ಲಾಕ್ ಆನ್ ಆಗಿದ್ದು ಗೊತ್ತಾಗದೇ ಇದ್ದರೆ ಏನೇನೋ ಅನಾಹುತ ಆಗುತ್ತದೆ, ಅದೊಂದು ನೋಡಿಕೊಳ್ಳಿ.

ಶುರು ಮಾಡೋಣ

ಟರ್ಮಿನಲ್‌ನಲ್ಲಿ ವಿಮ್ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಇನ್ನೂ ಇಲ್ಲದ ಯಾವುದಾದರೂ ಫೈಲ್ ಹೆಸರು ಕೊಡಿ, ಎಂಟರ್ ಒತ್ತಿ. ಖಾಲಿ ಪರದೆ, ಎಡಗಡೆ ಸಾಲಾಗಿ ಅಲೆಯಂಥ ಗುರುತು. ಆ ಗುರುತುಗಳು ಫೈಲ್‌ನಲ್ಲಿ ಇಲ್ಲ. ‘ಇಲ್ಲಿ ಸಾಲೇ ಇಲ್ಲ’ ಅಂತ ತೋರಿಸೋಕೆ ಇವೆ ಅಷ್ಟೇ.

ಈಗ ಐ ಒತ್ತಿ. ಕೆಳಗೆ ಎಡಮೂಲೆಯಲ್ಲಿ ‘ಇನ್ಸರ್ಟ್’ ಅಂತ ಬರುತ್ತದೆ. ಬರದಿದ್ದರೂ ಗಾಬರಿ ಬೇಡ, ಕೆಲವು ಸರ್ವರ್‌ಗಳಲ್ಲಿ ಅದನ್ನು ತೋರಿಸೋ ಸೆಟ್ಟಿಂಗ್ ಇರಲ್ಲ. ಈ ನಾಲ್ಕು ಸಾಲು ಟೈಪ್ ಮಾಡಿ, ಸದ್ಯಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ, ಕನ್ನಡದ ವಿಷಯಕ್ಕೆ ಆಮೇಲೆ ಬರುತ್ತೇನೆ.

ರಾಗಿ
ಬೇಳೆ
ಬೆಲ್ಲ
ಸಕ್ಕರೆ

ಎಸ್ಕೇಪ್ ಒತ್ತಿ. ಕರ್ಸರ್ ಒಂದು ಅಕ್ಷರ ಎಡಕ್ಕೆ ಸರಿದದ್ದು ಕಂಡಿತಾ? ಮೊದಲ ಸಲ ನೋಡಿದವರಿಗೆ ಇದು ದೋಷ ಅನ್ನಿಸುತ್ತದೆ. ದೋಷ ಅಲ್ಲ. ಇನ್ಸರ್ಟ್ ಮೋಡ್‌ನಲ್ಲಿ ಕರ್ಸರ್ ಎರಡು ಅಕ್ಷರಗಳ ನಡುವೆ ಇರುತ್ತದೆ, ನಾರ್ಮಲ್ ಮೋಡ್‌ನಲ್ಲಿ ಅದು ಒಂದು ಅಕ್ಷರದ ಮೇಲೆಯೇ ಕೂರಬೇಕು. ಸಾಲಿನ ಕೊನೆಯಲ್ಲಿ ಕೂರೋಕೆ ಅಕ್ಷರ ಇಲ್ಲ, ಹಾಗಾಗಿ ಹಿಂದಿನದರ ಮೇಲೆ ಕೂರುತ್ತದೆ.

ಐ ಮತ್ತು ಎ ಎರಡೂ ಯಾಕೆ ಬೇಕು ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಕರ್ಸರ್ ಅನ್ನು ಬೆಲ್ಲದ ಸಾಲಿಗೆ ತನ್ನಿ, ಡಾಲರ್ ಚಿಹ್ನೆ ಒತ್ತಿ, ಸಾಲಿನ ಕೊನೆಯ ಅಕ್ಷರಕ್ಕೆ ಹೋಗುತ್ತದೆ. ಈಗ ಐ ಒತ್ತಿ ‘1 ಕೆಜಿ’ ಅಂತ ಬರೆದರೆ, ಬೆಲ್ಲದ ಕೊನೆಯಲ್ಲಿದ್ದ ಎ ಅಕ್ಷರ ಒಂಟಿಯಾಗಿ ಕೆಜಿಯ ಆಚೆ ಹೋಗಿ ಕೂರುತ್ತದೆ. ಐ ಅಂದರೆ ಕರ್ಸರ್ ಕೂತಿರುವ ಅಕ್ಷರದ ಮುಂಚೆ ಬರೆಯೋದು. ಎ ಅಂದರೆ ಅದರ ನಂತರ ಬರೆಯೋದು. ಎಸ್ಕೇಪ್ ಒತ್ತಿ, ಯು ಒತ್ತಿ, ಬರೆದದ್ದು ಪೂರ್ತಿ ಒಂದೇ ಏಟಿಗೆ ರದ್ದಾಗುತ್ತದೆ. ಈಗ ಎ ಒತ್ತಿ ಬರೆಯಿರಿ. ಸರಿಯಾಗಿ ಬರುತ್ತದೆ.

ಇನ್ನೂ ಒಂದು ಸಣ್ಣ ಅಭ್ಯಾಸ ಇದರ ಜೊತೆ ಬರುತ್ತದೆ. ಬರೆಯುತ್ತಾ ಬರೆಯುತ್ತಾ ಎಸ್ಕೇಪ್ ಒತ್ತಿ, ಫೈಲ್ ಸೇವ್ ಮಾಡಿ, ಬಿಟ್ಟಲ್ಲಿಂದಲೇ ಮುಂದುವರಿಸಬೇಕು ಅಂದರೆ ಎ ಒತ್ತಬೇಕು. ಐ ಒತ್ತಿದರೆ ಒಂದು ಅಕ್ಷರ ಹಿಂದಕ್ಕೆ ಬೀಳುತ್ತೀರಿ.

ದೊಡ್ಡ ಎ, ದೊಡ್ಡ ಐ, ಮತ್ತು ಎರಡು ಓ

ಮೇಲೆ ಡಾಲರ್ ಒತ್ತಿ ಆಮೇಲೆ ಎ ಒತ್ತಿದೆವು. ಅದು ಎರಡು ಕೆಲಸ. ದೊಡ್ಡ ಎ ಒತ್ತಿದರೆ ಎರಡೂ ಸೇರಿ ಒಂದೇ: ಕರ್ಸರ್ ಸಾಲಿನಲ್ಲಿ ಎಲ್ಲೇ ಇರಲಿ, ಸಾಲಿನ ಕೊನೆಗೆ ಹಾರಿ ಬರೆಯೋಕೆ ಸಿದ್ಧ. ನನ್ನನ್ನು ಕೇಳಿದರೆ ಐ ಆದ ಮೇಲೆ ಕಲಿಯಬೇಕಾದ ಮೊದಲ ಕೀ ಇದೇ. ಕಾನ್ಫಿಗ್ ಫೈಲ್ (ಸೆಟ್ಟಿಂಗ್ ಬರೆದಿಡೋ ಫೈಲ್) ತಿದ್ದೋರಿಗೆ, ಸಾಲಿನ ಕೊನೆಗೆ ಒಂದು ಅಲ್ಪವಿರಾಮ ಸೇರಿಸೋರಿಗೆ, ದಿನಕ್ಕೆ ಎಷ್ಟೋ ಸಲ ಬೇಕಾಗುತ್ತದೆ.

ಈಗ ನೋಡಿ, ‘ಒಂದೇ ಕೆಲಸ’ ಅಂದೆನಲ್ಲ, ಅದರ ಲಾಭ ಇಲ್ಲಿ ಗೊತ್ತಾಗುತ್ತದೆ. ಬೆಲ್ಲಕ್ಕೆ ಬರೆದದ್ದನ್ನು ಮತ್ತೆ ರದ್ದು ಮಾಡಿ. ಜಿ ಎರಡು ಸಲ ಒತ್ತಿ, ಮೊದಲ ಸಾಲಿಗೆ ಹೋಗುತ್ತದೆ. ದೊಡ್ಡ ಎ ಒತ್ತಿ, ಒಂದು ಸ್ಪೇಸ್, ‘1 ಕೆಜಿ’, ಎಸ್ಕೇಪ್. ರಾಗಿಗೆ ಒಂದು ಕೆಜಿ ಆಯಿತು. ಈಗ ಜೆ ಒತ್ತಿ ಕೆಳಗಿನ ಸಾಲಿಗೆ ಬನ್ನಿ, ಚುಕ್ಕಿ ಒತ್ತಿ. ಹೌದು, ಬರೀ ಚುಕ್ಕಿ, ಪೂರ್ಣವಿರಾಮದ ಕೀ. ಬೇಳೆಗೂ ಒಂದು ಕೆಜಿ ಬಂತು. ಮತ್ತೆ ಜೆ, ಚುಕ್ಕಿ. ಮತ್ತೆ ಜೆ, ಚುಕ್ಕಿ.

ರಾಗಿ 1 ಕೆಜಿ
ಬೇಳೆ 1 ಕೆಜಿ
ಬೆಲ್ಲ 1 ಕೆಜಿ
ಸಕ್ಕರೆ 1 ಕೆಜಿ

ನಾಲ್ಕು ಪದಗಳ ಉದ್ದ ಬೇರೆ ಬೇರೆ, ಆದರೂ ಕೆಜಿ ಎಲ್ಲ ಕಡೆ ಸರಿಯಾದ ಜಾಗಕ್ಕೇ ಹೋಗಿ ಕೂತಿತು. ಯಾಕೆಂದರೆ ಚುಕ್ಕಿ ನೆನಪಿಟ್ಟುಕೊಂಡದ್ದು ಬರೀ ಅಕ್ಷರಗಳನ್ನಲ್ಲ, ‘ಸಾಲಿನ ಕೊನೆಗೆ ಹೋಗಿ ಇದನ್ನು ಬರೆ’ ಅನ್ನೋ ಇಡೀ ಕೆಲಸವನ್ನು. ಡಾಲರ್ ಒತ್ತಿ ಎ ಒತ್ತಿದ್ದರೆ ಅದು ‘ಕರ್ಸರ್ ನಂತರ ಬರೆ’ ಅನ್ನೋದಷ್ಟೇ ನೆನಪಿಟ್ಟುಕೊಳ್ಳುತ್ತಿತ್ತು. ಐ ಒತ್ತಿ, ಇನ್ಸರ್ಟ್ ಮೋಡ್ ಒಳಗೇ ಬಾಣದ ಕೀ ಒತ್ತುತ್ತಾ ಸಾಲಿನ ಕೊನೆಗೆ ಹೋಗಿದ್ದರಂತೂ ಕಥೆ ಮುಗಿಯಿತು. ಬಾಣದ ಕೀ ಒತ್ತಿದ ಕ್ಷಣ ವಿಮ್ ಹಳೇ ಕೆಲಸ ಮುಗಿಯಿತು, ಹೊಸದು ಶುರುವಾಯಿತು ಅಂತ ಲೆಕ್ಕ ಹಾಕುತ್ತದೆ. ರದ್ದು ಮಾಡೋಕೆ ಹೋದರೂ ಚೂರು ಚೂರಾಗಿ ರದ್ದಾಗುತ್ತದೆ. ಇನ್ಸರ್ಟ್ ಮೋಡ್‌ನಲ್ಲಿ ಬಾಣದ ಕೀ ಬಳಸಬೇಡಿ ಅಂತ ಹಳಬರು ಹೇಳೋದು ಸುಮ್ನೆ ಗತ್ತಿಗಲ್ಲ.

ದೊಡ್ಡ ಐ ಇದರ ಉಲ್ಟಾ, ಸಾಲಿನ ಶುರುವಿಗೆ ಹೋಗುತ್ತದೆ. ಸಾಲಿನ ಮುಂದೆ ಸ್ಪೇಸ್ ಇದ್ದರೆ ಅದನ್ನು ದಾಟಿ ಮೊದಲ ಅಕ್ಷರದ ಮುಂಚೆ ನಿಲ್ಲುತ್ತದೆ, ಕೋಡ್ ಬರೆಯೋರಿಗೆ ಬೇಕಾಗೋದೂ ಅದೇ. ತೀರಾ ಎಡ ಅಂಚಿಗೇ ಹೋಗಬೇಕು ಅಂದರೆ ಜಿ ಒತ್ತಿ ದೊಡ್ಡ ಐ ಒತ್ತಬೇಕು. ನನಗೆ ಅದು ಬೇಕಾಗೋದು ಅಪರೂಪ.

ಇನ್ನು ಓ. ಸಣ್ಣ ಓ ಒತ್ತಿದರೆ ಈಗಿರುವ ಸಾಲಿನ ಕೆಳಗೆ ಒಂದು ಹೊಸ ಸಾಲು ತೆರೆದು, ಇನ್ಸರ್ಟ್ ಮೋಡ್‌ಗೂ ಕರೆದುಕೊಂಡು ಹೋಗುತ್ತದೆ. ದೊಡ್ಡ ಓ ಸಾಲಿನ ಮೇಲೆ ತೆರೆಯುತ್ತದೆ. ಕರ್ಸರ್ ಸಾಲಿನ ಮಧ್ಯದಲ್ಲಿದ್ದರೂ ಸಾಲು ಮುರಿಯಲ್ಲ. ನಮ್ಮ ಪಟ್ಟಿಗೆ ತಲೆಬರಹ ಬೇಕು ಅಂದರೆ, ಜಿ ಜಿ ಒತ್ತಿ ಮೇಲೆ ಹೋಗಿ, ದೊಡ್ಡ ಓ ಒತ್ತಿ, ‘ಮನೆ ಸಾಮಾನು’ ಅಂತ ಬರೆದು, ಎಸ್ಕೇಪ್. ಫೈಲ್‌ನ ಮೊದಲ ಸಾಲಿನ ಮೇಲೆ ಇನ್ನೊಂದು ಸಾಲು ಸೇರಿಸೋಕೆ ಒದ್ದಾಡೋರನ್ನು ನೋಡಿದ್ದೇನೆ. ಸಾಲಿನ ಶುರುವಿಗೆ ಹೋಗಿ, ಎಂಟರ್ ಒತ್ತಿ, ಮತ್ತೆ ಬಾಣದ ಕೀಯಿಂದ ಮೇಲೆ ಬಂದು ಬರೆಯುತ್ತಾರೆ. ದೊಡ್ಡ ಓ ಒಂದೇ ಸಾಕಲ್ವಾ?

ತಲೆಬರಹದ ಕೆಳಗೆ ಗೆರೆ ಬೇಕಾದರೆ ಸಂಖ್ಯೆಯ ಉಪಾಯ ಇದೆ. ಸಣ್ಣ ಓ ಒತ್ತಿ ಖಾಲಿ ಸಾಲು ತೆರೆಯಿರಿ, ಎಸ್ಕೇಪ್ ಒತ್ತಿ. ಈಗ 20 ಅಂತ ಟೈಪ್ ಮಾಡಿ, ಐ ಒತ್ತಿ, ಒಂದೇ ಒಂದು ಅಡ್ಡಗೆರೆ ಹಾಕಿ, ಎಸ್ಕೇಪ್ ಒತ್ತಿ. ಇಪ್ಪತ್ತು ಅಡ್ಡಗೆರೆ ಬರುತ್ತದೆ. ಎಸ್ಕೇಪ್ ಒತ್ತೋವರೆಗೂ ಒಂದೇ ಕಾಣುತ್ತದೆ, ಅದಕ್ಕೆ ಕೆಲಸ ಮಾಡಲಿಲ್ಲ ಅಂತ ಅಂದುಕೊಂಡು ಇನ್ನೂ ನಾಲ್ಕು ಹಾಕಿಬಿಡಬೇಡಿ, ನೂರು ಆಗುತ್ತದೆ.

ಈ ಅಕ್ಷರಗಳೇ ಯಾಕೆ

ಇದು ಓದದಿದ್ದರೂ ನಡೆಯುತ್ತದೆ, ಆದರೆ ಗೊತ್ತಿದ್ದರೆ ಸಿಟ್ಟು ಸ್ವಲ್ಪ ಕಡಿಮೆಯಾಗುತ್ತದೆ. ಕೆನ್ ಥಾಂಪ್ಸನ್ 1969ರಲ್ಲಿ ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ಗೆ ‘ಎಡ್’ ಅನ್ನೋ ಎಡಿಟರ್ ಬರೆದರು. ಅದರಲ್ಲಿ ಪರದೆ ಅನ್ನೋ ಕಲ್ಪನೆಯೇ ಇಲ್ಲ, ಒಂದೊಂದೇ ಸಾಲಿನ ಮೇಲೆ ಕೆಲಸ. ಅಲ್ಲೂ ಎ ಅಂದರೆ ಸಾಲಿನ ನಂತರ ಸೇರಿಸು, ಐ ಅಂದರೆ ಸಾಲಿನ ಮುಂಚೆ ಸೇರಿಸು, ಸಿ ಅಂದರೆ ಬದಲಿಸು. ಬರೆದು ಮುಗಿಸಿದೆ ಅಂತ ಹೇಳೋಕೆ ಒಂದು ಸಾಲಿನಲ್ಲಿ ಬರೀ ಚುಕ್ಕಿ ಇಟ್ಟು ಎಂಟರ್ ಒತ್ತಬೇಕಿತ್ತು. ಬಿಲ್ ಜಾಯ್ 1976ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ‘ವಿಐ’ ಬರೆಯುವಾಗ ಅದೇ ಅಕ್ಷರಗಳನ್ನು ಉಳಿಸಿಕೊಂಡರು. ಅವರು ಕೆಲಸ ಮಾಡುತ್ತಿದ್ದದ್ದು 300 ಬಾಡ್ ಮೋಡೆಮ್ ಮೇಲೆ, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಕಮಾಂಡ್ ಒಂದಕ್ಷರದ್ದಾಗಿದ್ದರೆ ಆ ವೇಗದಲ್ಲೂ ಕೆಲಸ ಓಡುತ್ತದೆ. ಅವರ ಎಡಿಎಂ-3ಎ ಟರ್ಮಿನಲ್‌ನಲ್ಲಿ ಎಸ್ಕೇಪ್ ಇದ್ದದ್ದು ಈಗ ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳು ಚಾಚಿದರೆ ಸಿಗುತ್ತಿತ್ತು. ಈಗ ಅದು ಮೇಲೆ ಮೂಲೆಗೆ ಹೋಗಿದೆ, ಕಷ್ಟ ನಮಗೆ. ಕಂಟ್ರೋಲ್ ಹಿಡಿದು ಎಡ ಚೌಕ ಆವರಣದ ಕೀ ಒತ್ತಿದರೂ ಎಸ್ಕೇಪ್ ಒತ್ತಿದಂತೆಯೇ, ಅದನ್ನು ಅಭ್ಯಾಸ ಮಾಡಿಕೊಳ್ಳಬಹುದು. ಕ್ಯಾಪ್ಸ್ ಲಾಕ್ ಅನ್ನೇ ಎಸ್ಕೇಪ್ ಮಾಡಿಕೊಳ್ಳೋರೂ ತುಂಬ ಜನ ಇದ್ದಾರೆ.

ಆ ವಿಐ ಮಾದರಿಯಲ್ಲೇ ಇರುವ, ಈಗ ನಾವು ಬಳಸೋ ವಿಮ್ ಅನ್ನು ನೆದರ್‌ಲ್ಯಾಂಡ್ಸ್‌ನ ಬ್ರಾಮ್ ಮೂಲೆನಾರ್ 1991ರಲ್ಲಿ ಅಮಿಗಾ ಕಂಪ್ಯೂಟರಿಗೆ ಬಿಡುಗಡೆ ಮಾಡಿದ್ದು. 2023ರ ಆಗಸ್ಟಿನಲ್ಲಿ ಅವರು ತೀರಿಕೊಳ್ಳೋವರೆಗೂ ಅದರ ಮೇಲೆ ಕೆಲಸ ಮಾಡುತ್ತಲೇ ಇದ್ದರು. ವಿಮ್ ತೆರೆದಾಗ ಉಗಾಂಡದ ಮಕ್ಕಳಿಗೆ ಸಹಾಯ ಮಾಡಿ ಅಂತ ಒಂದು ಸಾಲು ಕಾಣಿಸುತ್ತಲ್ಲ, ಅದು ಅವರು ಹಾಕಿದ್ದು.

ಇರೋದನ್ನು ತೆಗೆದು ಅಲ್ಲೇ ಬರೆಯೋದು

ಫೈಲ್ ತಿದ್ದುವಾಗ ಸುಮ್ಮನೆ ಸೇರಿಸೋದಕ್ಕಿಂತ, ಇರೋದನ್ನು ಅಳಿಸಿ ಬೇರೆ ಬರೆಯೋದೇ ಜಾಸ್ತಿ. ಅದಕ್ಕೆ ಸಿ. ಬೆಲ್ಲದ ಮೇಲೆ ಎಲ್ಲಾದರೂ ಕರ್ಸರ್ ಇಟ್ಟು ಸಿ, ಐ, ಡಬ್ಲ್ಯು ಒಂದಾದ ಮೇಲೊಂದು ಒತ್ತಿ. ಪದ ಮಾಯವಾಗಿ ನೀವು ಇನ್ಸರ್ಟ್ ಮೋಡ್‌ನಲ್ಲಿ ಇರುತ್ತೀರಿ. ‘ತುಪ್ಪ’ ಅಂತ ಬರೆದು ಎಸ್ಕೇಪ್. ಪದದ ಮಧ್ಯದಲ್ಲಿದ್ದರೂ ಪೂರ್ತಿ ಪದ ಹೋಗುತ್ತದೆ, ಅದೇ ಇದರ ಸುಖ. ಡಬ್ಲ್ಯು ಬದಲು ಉದ್ಧರಣ ಚಿಹ್ನೆ ಒತ್ತಿದರೆ ಆ ಚಿಹ್ನೆಗಳ ಒಳಗಿರುವುದೆಲ್ಲ ಹೋಗಿ, ಚಿಹ್ನೆ ಮಾತ್ರ ಉಳಿಯುತ್ತದೆ. ಕಾನ್ಫಿಗ್ ಫೈಲ್‌ನಲ್ಲಿ ಹಳೇ ಪಾಸ್‌ವರ್ಡ್ ತೆಗೆದು ಹೊಸದು ಹಾಕೋಕೆ ಇದಕ್ಕಿಂತ ಸಲೀಸಾದ ದಾರಿ ನನಗೆ ಗೊತ್ತಿಲ್ಲ. ಇಲ್ಲೂ ಚುಕ್ಕಿ ಕೆಲಸ ಮಾಡುತ್ತದೆ: ಇನ್ನೊಂದು ಪದದ ಮೇಲೆ ಹೋಗಿ ಚುಕ್ಕಿ ಒತ್ತಿದರೆ ಅದೂ ತುಪ್ಪ.

ದೊಡ್ಡ ಸಿ ಕರ್ಸರ್‌ನಿಂದ ಸಾಲಿನ ಕೊನೆವರೆಗೆ ಅಳಿಸಿ ಬರೆಯೋಕೆ ಬಿಡುತ್ತದೆ. ಸಿ ಎರಡು ಸಲ ಒತ್ತಿದರೆ ಇಡೀ ಸಾಲು. ಎಸ್ ಒತ್ತಿದರೆ ಒಂದಕ್ಷರ ಅಳಿಸಿ ಇನ್ಸರ್ಟ್ ಮೋಡ್. ದೊಡ್ಡ ಎಸ್ ಇಡೀ ಸಾಲಿಗೆ, ಅಂದರೆ ಸಿ ಸಿ ಮಾಡೋದನ್ನೇ ಮಾಡುತ್ತದೆ, ಎರಡರಲ್ಲಿ ಒಂದು ನೆನಪಿಟ್ಟುಕೊಂಡರೆ ಸಾಕು.

ಬರೀ ಒಂದು ಅಕ್ಷರ ತಪ್ಪಿದ್ದರೆ ಇನ್ಸರ್ಟ್ ಮೋಡ್‌ಗೆ ಹೋಗಲೇ ಬೇಡಿ. ಒಂದು ಕೆಜಿಯ 1ರ ಮೇಲೆ ಕರ್ಸರ್ ಇಟ್ಟು ಆರ್ ಒತ್ತಿ 5 ಒತ್ತಿ, ಐದು ಕೆಜಿ ಆಯಿತು, ಎಸ್ಕೇಪ್ ಕೂಡ ಬೇಕಿಲ್ಲ. ದೊಡ್ಡ ಆರ್ ಬೇರೆ ತರಹ. ನೀವು ಬರೆದಂತೆಲ್ಲ ಮುಂದಿನ ಅಕ್ಷರಗಳ ಮೇಲೆ ಬರೆಯುತ್ತಾ ಹೋಗುತ್ತದೆ. ಜಾಗ ಸರಿಸದೆ ಅಂಕಣಗಳಿರುವ ಪಟ್ಟಿಯನ್ನು ತಿದ್ದೋಕೆ ಒಳ್ಳೆಯದು. ಅಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಅಳಿಸಲ್ಲ, ಮೊದಲಿದ್ದ ಅಕ್ಷರವನ್ನು ವಾಪಸ್ ಕೊಡುತ್ತದೆ.

ಇನ್ಸರ್ಟ್ ಮೋಡ್ ಒಳಗಿನ ಕೆಲವು ಕೀಗಳು

ಬರೆಯುತ್ತಿರುವಾಗ ತಪ್ಪಾದರೆ ಬ್ಯಾಕ್‌ಸ್ಪೇಸ್ ಇದೆ. ಅದಕ್ಕಿಂತ ಬೇಗ ಆಗೋದು ಕಂಟ್ರೋಲ್ ಡಬ್ಲ್ಯು, ಹಿಂದಿನ ಒಂದು ಪದ ಅಳಿಸುತ್ತದೆ. ಕಂಟ್ರೋಲ್ ಯು ಆ ಸಾಲಿನಲ್ಲಿ ಈಗ ಬರೆದದ್ದನ್ನೆಲ್ಲ ಅಳಿಸುತ್ತದೆ. ಒಂದು ಎಚ್ಚರಿಕೆ: ಬ್ರೌಸರ್ ಒಳಗೆ ತೆರೆದ ಟರ್ಮಿನಲ್‌ನಲ್ಲಿದ್ದರೆ ಕಂಟ್ರೋಲ್ ಡಬ್ಲ್ಯು ಪದ ಅಳಿಸೋ ಬದಲು ಟ್ಯಾಬನ್ನೇ ಮುಚ್ಚಿಬಿಡಬಹುದು. ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿದರೆ ಇನ್ನೊಂದು ತಮಾಷೆ, ಎಷ್ಟೋ ಟರ್ಮಿನಲ್‌ಗಳಲ್ಲಿ ಪರದೆ ಹೆಪ್ಪುಗಟ್ಟಿದ ಹಾಗೆ ನಿಂತುಬಿಡುತ್ತದೆ. ವಿಮ್ ಹ್ಯಾಂಗ್ ಆಗಿಲ್ಲ. ಕಂಟ್ರೋಲ್ ಕ್ಯೂ ಒತ್ತಿ, ಬಿಡುಗಡೆಯಾಗುತ್ತದೆ.

ಕಂಟ್ರೋಲ್ ಆರ್ ಅನ್ನೋದು ನನ್ನ ಮೆಚ್ಚಿನದು. ವಿಮ್‌ನಲ್ಲಿ ನಕಲು ಮಾಡಿದ್ದು, ಅಳಿಸಿದ್ದು ಎಲ್ಲ ರಿಜಿಸ್ಟರ್ ಅನ್ನೋ ಜಾಗಗಳಲ್ಲಿ ಇರುತ್ತದೆ. ಬರೆಯುತ್ತಿರುವಾಗಲೇ ಕಂಟ್ರೋಲ್ ಆರ್ ಒತ್ತಿ ಸೊನ್ನೆ ಒತ್ತಿದರೆ, ಕೊನೆಯ ಸಲ ನಕಲು ಮಾಡಿದ್ದು ಅಲ್ಲೇ ಬಂದು ಬೀಳುತ್ತದೆ. ಎಸ್ಕೇಪ್ ಒತ್ತಿ, ಪಿ ಒತ್ತಿ ಪೇಸ್ಟ್ ಮಾಡಿ, ಮತ್ತೆ ಎ ಒತ್ತೋ ತಾಪತ್ರಯ ಇಲ್ಲ. ಸೊನ್ನೆಯ ಬದಲು ಸಮ ಚಿಹ್ನೆ ಒತ್ತಿದರೆ ಕೆಳಗೆ ಒಂದು ಲೆಕ್ಕದ ಸಾಲು ತೆರೆಯುತ್ತದೆ. ಪಟ್ಟಿಯಲ್ಲಿ ಬೆಲೆ ಬರೆಯುತ್ತಿದ್ದೀರಿ ಅಂದುಕೊಳ್ಳಿ, ಕೆಜಿಗೆ 45 ರೂಪಾಯಿ, 12 ಕೆಜಿ. ಕಂಟ್ರೋಲ್ ಆರ್, ಸಮ ಚಿಹ್ನೆ, 45*12, ಎಂಟರ್. ಕರ್ಸರ್ ಇದ್ದಲ್ಲಿ 540 ಅಂತ ಬರುತ್ತದೆ. ಕ್ಯಾಲ್ಕುಲೇಟರ್ ಹುಡುಕಿಕೊಂಡು ಹೋಗೋ ಕೆಲಸ ಇಲ್ಲ.

ಕಂಟ್ರೋಲ್ ಎನ್ ಒತ್ತಿದರೆ ಫೈಲ್‌ನಲ್ಲಿ ಈಗಾಗಲೇ ಇರುವ ಪದಗಳಿಂದ ಹುಡುಕಿ ಪದ ಪೂರ್ತಿ ಮಾಡಿಕೊಡುತ್ತದೆ. ಕಂಟ್ರೋಲ್ ಓ ಒತ್ತಿದರೆ ಒಂದೇ ಒಂದು ಕಮಾಂಡಿಗೆ ಮಾತ್ರ ನಾರ್ಮಲ್ ಮೋಡ್‌ಗೆ ಹೋಗಿ, ತಾನಾಗೇ ವಾಪಸ್ ಬರುತ್ತದೆ. ಇನ್ನು ಜಿ ಐ, ಇದು ಒಳಗಿನದ್ದಲ್ಲ, ನಾರ್ಮಲ್ ಮೋಡ್‌ನದ್ದು: ಫೈಲ್‌ನಲ್ಲಿ ಎಲ್ಲೆಲ್ಲೋ ಸುತ್ತಾಡಿ ಬಂದ ಮೇಲೆ, ಕೊನೆಗೆ ಬರೆಯೋದು ನಿಲ್ಲಿಸಿದ ಜಾಗಕ್ಕೇ ಕರೆದುಕೊಂಡು ಹೋಗಿ ಬರೆಯೋಕೆ ಬಿಡುತ್ತದೆ. ಮೇಲೆ ಇನ್ನೇನೋ ಒಂದು ಹೆಸರು ನೋಡಿಕೊಂಡು ಬರೋಕೆ ಹೋದಾಗ ಇದು ಬೇಕೇ ಬೇಕು.

ಹಲವು ಸಾಲಿಗೆ ಒಟ್ಟಿಗೆ

ಕೋಡ್‌ನ ನಾಲ್ಕು ಸಾಲನ್ನು ಕಾಮೆಂಟ್ ಮಾಡಬೇಕು, ಅಂದರೆ ಓಡಿಸುವಾಗ ಕಂಪ್ಯೂಟರ್ ಅವನ್ನು ಬಿಟ್ಟು ಹೋಗಬೇಕು, ಪ್ರತಿ ಸಾಲಿನ ಮುಂದೆ ಹ್ಯಾಶ್ ಬೇಕು. ಮೊದಲ ಸಾಲಿನ ಮೊದಲ ಅಕ್ಷರದ ಮೇಲೆ ನಿಂತು ಕಂಟ್ರೋಲ್ ವಿ ಒತ್ತಿ. ಜೆ ಮೂರು ಸಲ ಒತ್ತಿ ಕೆಳಗೆ ಹೋಗಿ. ದೊಡ್ಡ ಐ ಒತ್ತಿ, ಹ್ಯಾಶ್, ಒಂದು ಸ್ಪೇಸ್. ಇಲ್ಲಿಯವರೆಗೆ ಮೊದಲ ಸಾಲಿನಲ್ಲಿ ಮಾತ್ರ ಬಂದಿರುತ್ತದೆ. ಎಸ್ಕೇಪ್ ಒತ್ತಿದಾಗ ನಾಲ್ಕಕ್ಕೂ ಬರುತ್ತದೆ. ಇಲ್ಲಿ ಎಸ್ಕೇಪ್ ಬದಲು ಕಂಟ್ರೋಲ್ ಸಿ ಒತ್ತುವ ಅಭ್ಯಾಸ ಇದ್ದವರಿಗೆ ಬರೀ ಮೊದಲ ಸಾಲೇ ಗತಿ, ಉಳಿದದ್ದು ಬರಲ್ಲ. ವಿಂಡೋಸ್ ಟರ್ಮಿನಲ್‌ನಲ್ಲಿ ಕಂಟ್ರೋಲ್ ವಿ ಅಂದರೆ ಪೇಸ್ಟ್. ಅಲ್ಲಿ ಕಂಟ್ರೋಲ್ ಕ್ಯೂ ಒತ್ತಿ ನೋಡಿ.

ಇನ್ಸರ್ಟ್ ಮೋಡ್‌ಗೇ ಹೋಗದೆ ಸೇರಿಸೋ ದಾರಿಯೂ ಇದೆ. ನಾರ್ಮಲ್ ಮೋಡ್‌ನಲ್ಲಿ ಕೋಲನ್ ಒತ್ತಿ, ಆರ್, ಸ್ಪೇಸ್, ಫೈಲ್ ಹೆಸರು, ಎಂಟರ್. ಆ ಫೈಲ್‌ನಲ್ಲಿರೋದೆಲ್ಲ ಈಗಿನ ಸಾಲಿನ ಕೆಳಗೆ ಬರುತ್ತದೆ. ಫೈಲ್ ಹೆಸರಿನ ಬದಲು ಆಶ್ಚರ್ಯಸೂಚಕ ಹಾಕಿ ‘ಡೇಟ್’ ಅಂತ ಬರೆದರೆ ಇವತ್ತಿನ ದಿನಾಂಕ, ಸಮಯ. ಡೇಟ್ ಜಾಗದಲ್ಲಿ ಯಾವ ಶೆಲ್ ಕಮಾಂಡ್ ಬೇಕಾದರೂ ಇರಬಹುದು, ಅದರ ಔಟ್‌ಪುಟ್ ನಿಮ್ಮ ಫೈಲ್‌ಗೆ ಬಂದು ಸೇರುತ್ತದೆ.

ಕೈ ಕೊಡುವ ಜಾಗಗಳು

ಹೊಸ ಉಬುಂಟು (ಲಿನಕ್ಸ್) ಮೆಷಿನ್‌ನಲ್ಲಿ ವಿಐ ತೆರೆದು ಐ ಒತ್ತಿ, ಬಾಣದ ಕೀ ಒತ್ತಿದರೆ ಎ, ಬಿ, ಸಿ, ಡಿ ಅಂತ ಅಕ್ಷರಗಳು ಬೀಳುತ್ತವೆ. ಬ್ಯಾಕ್‌ಸ್ಪೇಸ್ ಒತ್ತಿದರೂ ಅಕ್ಷರ ಪರದೆಯಿಂದ ಹೋಗಲ್ಲ. ಕೀಬೋರ್ಡ್ ಹಾಳಾಗಿಲ್ಲ. ಅಲ್ಲಿರೋದು ವಿಮ್‌ನ ತೀರಾ ಸಣ್ಣ ಆವೃತ್ತಿ, ಅದು ಹಳೇ ವಿಐ ಹಾಗೇ ನಡೆದುಕೊಳ್ಳುತ್ತದೆ. ಎಸ್ಕೇಪ್ ಒತ್ತಿ, ಕೋಲನ್ ಒತ್ತಿ, ‘ಸೆಟ್ ನೋಕಂಪ್ಯಾಟಿಬಲ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಬಾಣದ ಕೀ ಸರಿಹೋಗುತ್ತದೆ. ಇನ್‌ಸ್ಟಾಲ್ ಮಾಡೋ ಅನುಮತಿ ಇದ್ದರೆ ಪೂರ್ತಿ ವಿಮ್ ಹಾಕಿಕೊಳ್ಳೋದೇ ಒಳ್ಳೆಯದು.

ಎಲ್ಲಿಂದಲೋ ಕಾಪಿ ಮಾಡಿದ ಕೋಡನ್ನು ಪೇಸ್ಟ್ ಮಾಡಿದಾಗ ಪ್ರತಿ ಸಾಲೂ ಇನ್ನಷ್ಟು ಬಲಕ್ಕೆ ಸರಿಯುತ್ತಾ ಹೋಗೋದನ್ನು ನೋಡಿರಬಹುದು. ಟರ್ಮಿನಲ್‌ನಿಂದ ಬರುವ ಅಕ್ಷರಗಳನ್ನು ನೀವೇ ಟೈಪ್ ಮಾಡುತ್ತಿದ್ದೀರಿ ಅಂತ ವಿಮ್ ಅಂದುಕೊಂಡು, ಪ್ರತಿ ಸಾಲಿಗೂ ತಾನೇ ಇಂಡೆಂಟ್, ಅಂದರೆ ಸಾಲಿನ ಮುಂದಿನ ಖಾಲಿ ಜಾಗ, ಸೇರಿಸುತ್ತದೆ. ಪೇಸ್ಟ್ ಮಾಡೋ ಮುಂಚೆ ಕೋಲನ್ ಒತ್ತಿ ‘ಸೆಟ್ ಪೇಸ್ಟ್’, ಆದ ಮೇಲೆ ‘ಸೆಟ್ ನೋಪೇಸ್ಟ್’. ಎರಡನೆಯದನ್ನು ಮರೆಯಬೇಡಿ, ಆ ಮೋಡ್‌ನಲ್ಲಿ ಬೇರೆ ಹಲವು ಸೌಲಭ್ಯಗಳು ನಿಂತಿರುತ್ತವೆ. ವಿಮ್ 8 ಮತ್ತು ಆಮೇಲಿನವುಗಳಲ್ಲಿ, ಟರ್ಮಿನಲ್ ಕೂಡ ಸಹಕರಿಸಿದರೆ, ಈ ತೊಂದರೆ ಬಹುಪಾಲು ಇರಲ್ಲ. ಹಳೇ ಸರ್ವರ್‌ಗಳಲ್ಲಿ ಇದ್ದೇ ಇದೆ. ಅಂಥ ಕಡೆ ನಾರ್ಮಲ್ ಮೋಡ್‌ನಲ್ಲಿದ್ದಾಗ ಪೇಸ್ಟ್ ಮಾಡಿದರೆ ಇನ್ನೂ ಕೆಟ್ಟದ್ದು, ಶುರುವಿನಲ್ಲಿ ಹೇಳಿದ ‘ಮಸ್ಕಾರ’ದ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಮೊದಲ ಐ, ಎ ಅಥವಾ ಓ ಸಿಗೋವರೆಗಿನ ಅಕ್ಷರಗಳೆಲ್ಲ ಕಮಾಂಡ್ ಆಗಿ ಓಡಿ ಏನಾದರೂ ಅಳಿಸಿರಲೂಬಹುದು. ಎಸ್ಕೇಪ್ ಒತ್ತಿ, ಯು ಒತ್ತುತ್ತಾ ಹೋಗಿ.

ಹೊರಗೆ ಬರೋದು ಎಲ್ಲರಿಗೂ ಗೊತ್ತಿರಬೇಕಾದ್ದು: ಎಸ್ಕೇಪ್, ಕೋಲನ್, ಡಬ್ಲ್ಯು ಕ್ಯೂ, ಎಂಟರ್ ಅಂದರೆ ಸೇವ್ ಮಾಡಿ ಮುಚ್ಚು. ಏನೂ ಉಳಿಸೋದು ಬೇಡ ಅಂದರೆ ಕೋಲನ್, ಕ್ಯೂ, ಆಶ್ಚರ್ಯಸೂಚಕ, ಎಂಟರ್.

ಕನ್ನಡದಲ್ಲಿ ಬರೆಯುವಾಗ

ಕನ್ನಡ ಕೀಬೋರ್ಡ್ ಆನ್ ಇಟ್ಟುಕೊಂಡು ವಿಮ್ ಬಳಸೋರಿಗೆ ಬೇರೆಯದೇ ತಲೆನೋವು ಇದೆ. ಇನ್ಸರ್ಟ್ ಮೋಡ್‌ನಲ್ಲಿ ಎಲ್ಲ ಚೆನ್ನಾಗಿಯೇ ಬರುತ್ತದೆ. ಎಸ್ಕೇಪ್ ಒತ್ತಿ ನಾರ್ಮಲ್ ಮೋಡ್‌ಗೆ ಬಂದ ಮೇಲೆ ಐ ಒತ್ತಿದರೆ ವಿಮ್‌ಗೆ ಹೋಗೋದು ಇಂಗ್ಲಿಷ್ ಅಕ್ಷರವಲ್ಲ, ಯಾವುದೋ ಕನ್ನಡ ಅಕ್ಷರ. ಅದಕ್ಕೆ ಅದು ಕಮಾಂಡ್ ಅಲ್ಲ, ಏನೂ ಆಗಲ್ಲ. ಹಾಗಾಗಿ ಕ್ರಮ ಹೀಗಿರಲಿ: ಇಂಗ್ಲಿಷ್‌ನಲ್ಲಿದ್ದಾಗ ಓ ಅಥವಾ ಎ ಒತ್ತಿ ಒಳಗೆ ಹೋಗಿ, ಆಮೇಲೆ ಕನ್ನಡಕ್ಕೆ ಬದಲಿಸಿ, ಬರೆಯಿರಿ, ಮತ್ತೆ ಇಂಗ್ಲಿಷ್‌ಗೆ ಬದಲಿಸಿ, ಆಮೇಲೆ ಎಸ್ಕೇಪ್. ಪದೇ ಪದೇ ಒಳಗೆ ಹೊರಗೆ ಓಡಾಡೋದು ಇಲ್ಲಿ ಬೇಡ, ಒಂದು ಪ್ಯಾರಾ ಪೂರ್ತಿ ಬರೆದು ಹೊರಗೆ ಬನ್ನಿ. ಚುಕ್ಕಿ ಮಾತ್ರ ಕನ್ನಡದಲ್ಲಿ ಬರೆದದ್ದನ್ನೂ ಹಾಗೇ ಮತ್ತೆ ಹಾಕಿಕೊಡುತ್ತದೆ, ಇಂಗ್ಲಿಷ್ ಕೀಬೋರ್ಡ್‌ನಲ್ಲಿದ್ದೇ ಒತ್ತಬಹುದು.

ಒತ್ತಕ್ಷರಗಳು ಎಷ್ಟೋ ಟರ್ಮಿನಲ್‌ಗಳಲ್ಲಿ ಒಡೆದು ಕಾಣುತ್ತವೆ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಅಳತೆ ಮಾಡಿದ ಚೌಕ ಇಟ್ಟುಕೊಂಡಿರುತ್ತದೆ, ನಮ್ಮ ಅಕ್ಷರ ಅದರಲ್ಲಿ ಕೂರಲ್ಲ. ಫೈಲ್‌ನಲ್ಲಿ ಸರಿಯಾಗಿಯೇ ಇರುತ್ತದೆ. ಅನುಮಾನ ಬಂದರೆ ಅದೇ ಫೈಲನ್ನು ಗ್ರಾಫಿಕಲ್ ಎಡಿಟರ್‌ನಲ್ಲಿ ತೆರೆದು ನೋಡಿ, ಟರ್ಮಿನಲ್‌ನಲ್ಲಿ ಒಡೆದದ್ದನ್ನು ಕಂಡು ತಿದ್ದೋಕೆ ಹೋಗಬೇಡಿ.

ಕನ್ನಡ ಕೀಬೋರ್ಡ್ ಇಲ್ಲದ ಸರ್ವರ್‌ನಲ್ಲಿ ಒಂದೆರಡು ಅಕ್ಷರ ಮಾತ್ರ ಬೇಕು ಅಂದರೆ ಯುನಿಕೋಡ್ ಸಂಖ್ಯೆ ಕೊಟ್ಟು ಹಾಕಬಹುದು. ಇನ್ಸರ್ಟ್ ಮೋಡ್‌ನಲ್ಲಿ ಕಂಟ್ರೋಲ್ ವಿ ಒತ್ತಿ, ಯು ಒತ್ತಿ, 0ಸಿ95 ಅಂತ ಟೈಪ್ ಮಾಡಿದರೆ ‘ಕ’ ಬರುತ್ತದೆ. ಕನ್ನಡದ ಅಕ್ಷರಗಳೆಲ್ಲ 0ಸಿ80ರಿಂದ 0ಸಿಎಫ್ಎಫ್‌ವರೆಗಿನ ಜಾಗದಲ್ಲಿವೆ. ನನಗೆ ಇದು ಜಾಸ್ತಿ ಬಳಕೆಗೆ ಬರೋದು ರೂಪಾಯಿ ಚಿಹ್ನೆಗೆ: ಕಂಟ್ರೋಲ್ ವಿ, ಯು, 20ಬಿ9. ಸಾಮಾನಿನ ಪಟ್ಟಿಯಲ್ಲಿ 540ರ ಮುಂದೆ ₹ ಬಂದು ಕೂರುತ್ತದೆ.